ಬೀಗವಿಲ್ಲದ ಲೆಕ್ಕದ ಪುಸ್ತಕ

ಗಣಕಯಂತ್ರದ ಒಳಗುಟ್ಟನ್ನು ಕುರಿತು ಮಾತನಾಡಹೊರಟವನು ಕೇಳುಗರ ಸಹನೆಯನ್ನು ಮೊದಲೇ ಬೇಡಿಕೊಳ್ಳುವುದು ಲೇಸು. ಆದುದರಿಂದ ನನ್ನದೇ ಒಂದು ಸೋಲಿನಿಂದ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಟಿಕೆಟ್ ಕಾಯ್ದಿರಿಸುವ ಪ್ರೋಗ್ರಾಮೊಂದನ್ನು ಬರೆದಿದ್ದೆ. ಸರ್ವರಿಗೆ ಏಕಕಾಲದಲ್ಲಿ ಬರುವ ನೂರಾರು ಕೋರಿಕೆಗಳಿಗೆ ಒಂದೊಂದು ಥ್ರೆಡ್ಡನ್ನು, ಎಂದರೆ ಕೆಲಸದ ಒಂದೊಂದು ಎಳೆಯನ್ನು, ನೇಮಿಸಿದ್ದೆ. ಅವೆಲ್ಲಕ್ಕೂ ಆಸನಗಳ ಲೆಕ್ಕ ಒಂದೇ, ಹಣದ ಲೆಕ್ಕ ಒಂದೇ. ಇಬ್ಬರು ಒಮ್ಮೆಗೇ ಒಂದೇ ಪುಟದ ಮೇಲೆ ಗೀಚದಿರಲೆಂದು ಎರಡಕ್ಕೂ ಬೀಗ ಹಾಕಿದ್ದೆ. ಒಂದು ರಾತ್ರಿ ಆಸನದ ಬೀಗವನ್ನು ಹಿಡಿದ ಎಳೆ ಹಣದ ಬೀಗಕ್ಕಾಗಿ ಕಾಯುತ್ತ ನಿಂತಿತು. ಹಣದ ಬೀಗವನ್ನು ಹಿಡಿದದ್ದು ಆಸನದ ಬೀಗಕ್ಕಾಗಿ. ಒಬ್ಬ ಅಡಿಗೆಯವನ ಕೈಯಲ್ಲಿ ಬಾಣಲೆ, ಇನ್ನೊಬ್ಬನ ಕೈಯಲ್ಲಿ ಜಾಲರಿ, ಇಬ್ಬರೂ ಬಿಡಲೊಲ್ಲರು. ಹಪ್ಪಳ ಕರಿಯುವವರು ಯಾರು? ಯಂತ್ರ ಕೆಟ್ಟಿರಲಿಲ್ಲ, ತಪ್ಪಿನ ಸೂಚನೆಯೂ ಇರಲಿಲ್ಲ. ಬರಿಯ ಮೌನ. ಬೆಳಗಾಗುವವರೆಗೆ ಕಾರಣ ಹುಡುಕುತ್ತ ಕುಳಿತಿದ್ದೆ.

ಬೇರೊಂದು ದಾರಿಯುಂಟೆಂದು ತಿಳಿದದ್ದು ಆ ಬಳಿಕ. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಜೋ ಆರ್ಮ್‌ಸ್ಟ್ರಾಂಗ್ 1986ರಲ್ಲಿ ಅದನ್ನು ಹಿಡಿದಿದ್ದರು. ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಒಂದು ಕರೆ ಕೆಟ್ಟರೆ ಉಳಿದ ಸಾವಿರ ಕರೆಗಳು ಕಡಿಯಬಾರದು. ಅವರ ಮುಂದಿದ್ದ ಸಮಸ್ಯೆ ಇದು. ರಾಬರ್ಟ್ ವರ್ಡಿಂಗ್, ಮೈಕ್ ವಿಲಿಯಮ್ಸ್ ಅವರೊಡಗೂಡಿ ರೂಪಿಸಿದ ಭಾಷೆಗೆ ಎರ್ಲಾಂಗ್ ಎಂದು ಹೆಸರಾಯಿತು. ದೂರವಾಣಿ ಕರೆಗಳ ದಟ್ಟಣೆಯನ್ನು ಗಣಿತಕ್ಕೆ ಒಳಪಡಿಸಿದ ಡೆನ್ಮಾರ್ಕಿನ ಆಗ್ನರ್ ಎರ್ಲಾಂಗರ ನೆನಪು ಅದರಲ್ಲಿದೆ. ಇಂಥದೇ ವಿಚಾರವನ್ನು ಅಮೆರಿಕದಲ್ಲಿ ಕಾರ್ಲ್ ಹ್ಯೂವಿಟ್ ಮತ್ತು ಸಂಗಡಿಗರು 1973ರಲ್ಲೇ ‘ಆಕ್ಟರ್’ ಎಂಬ ಹೆಸರಿನಿಂದ ಮಂಡಿಸಿದ್ದರು.

ಎರ್ಲಾಂಗಿನಲ್ಲಿ ಪ್ರತಿಯೊಂದು ಪ್ರೊಸೆಸ್ಸಿಗೂ ಸ್ವಂತ ನೆನಪು, ಸ್ವಂತ ಅಂಚೆಪೆಟ್ಟಿಗೆ. ಒಬ್ಬರ ಲೆಕ್ಕದ ಪುಸ್ತಕವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ; ಬೇಕಾದುದನ್ನು ಕಾಗದ ಬರೆದು ಕೇಳಬೇಕು. ಹೊಸದಾಗಿ ಹುಟ್ಟಿದ ಪ್ರೊಸೆಸ್ಸಿಗೆ ಸುಮಾರು 3 ಕಿಲೋಬೈಟು ಜಾಗ ಸಾಕು. ಆದ್ದರಿಂದ ಒಂದೇ ಯಂತ್ರದಲ್ಲಿ ಲಕ್ಷಗಟ್ಟಲೆ ಇರಬಲ್ಲವು. ವಾಟ್ಸಾಪಿನವರು ಒಂದೇ ಸರ್ವರಿನಲ್ಲಿ 20 ಲಕ್ಷ ಸಂಪರ್ಕಗಳನ್ನು ನಿಭಾಯಿಸಿದುದಾಗಿ 2012ರಲ್ಲಿ ತಿಳಿಸಿದರು.

ನನ್ನನ್ನು ಬಹುಕಾಲ ಕಾಡಿದ್ದು ಆ ಪಂಥದ ಇನ್ನೊಂದು ಮಾತು: ತಪ್ಪಿದವನು ಬೀಳಲಿ, ಬಿಡಿ. ಇದು ಹೊಣೆಗೇಡಿತನವೆಂದೇ ಬಗೆದಿದ್ದೆ. ಪ್ರತಿ ಸಾಲಿಗೂ ಮುನ್ನೆಚ್ಚರಿಕೆಯ ಪಟ್ಟಿ ಕಟ್ಟುವುದು ನನ್ನ ಅಭ್ಯಾಸವಾಗಿತ್ತು. ಆದರೆ ಬುದ್ಧಿ ಕಲಕಿದವನು ತನ್ನ ಕಾಯಿಲೆಯನ್ನು ತಾನೇ ಹೇಗೆ ಅಳೆದಾನು? ಎರ್ಲಾಂಗಿನಲ್ಲಿ ಕೆಲಸಗಾರನ ಮೇಲೊಬ್ಬ ಮೇಲ್ವಿಚಾರಕನಿರುತ್ತಾನೆ. ಕೆಲಸಗಾರ ಸತ್ತರೆ ಮೇಲ್ವಿಚಾರಕ ಹೊಸಬನನ್ನು ಶುದ್ಧ ಸ್ಥಿತಿಯಿಂದ ಎಬ್ಬಿಸುತ್ತಾನೆ. ಅಲ್ಪಕಾಲದಲ್ಲಿ ಮತ್ತೆ ಮತ್ತೆ ಸತ್ತರೆ ತಾನೂ ಸತ್ತು, ತನ್ನ ಮೇಲಿನವನಿಗೆ ಸುದ್ದಿ ಮುಟ್ಟಿಸುತ್ತಾನೆ.

ಇದು ಸರ್ವರೋಗ ಪರಿಹಾರಕವೆಂದು ನಾನು ಸಾರುವುದಿಲ್ಲ. ಓದುವ ವೇಗಕ್ಕಿಂತ ಬರುವ ವೇಗ ಹೆಚ್ಚಿದರೆ ಅಂಚೆಪೆಟ್ಟಿಗೆ ಉಬ್ಬಿ ಯಂತ್ರವನ್ನೇ ನುಂಗುತ್ತದೆ. ಪರಸ್ಪರರ ಉತ್ತರಕ್ಕಾಗಿ ಇಬ್ಬರು ಇಲ್ಲಿಯೂ ಕಾದು ಕೂರಬಹುದು. ರೂಢಿಯ ಕರೆಗೆ 5 ಸೆಕೆಂಡುಗಳ ಗಡುವಿರುವುದೊಂದು ಸಮಾಧಾನ. ಜಾವಾ ಭಾಷೆಯೂ 2023ರಲ್ಲಿ ಹಗುರವಾದ ಎಳೆಗಳನ್ನು ಪಡೆಯಿತು. ಒಳ್ಳೆಯದೇ, ಆದರೆ ಎಳೆ ಹಗುರವಾದ ಮಾತ್ರಕ್ಕೆ ಹಂಚಿಕೊಂಡ ಪುಸ್ತಕದ ಜಗಳ ತೀರದು. ಈ ಎರಡನ್ನೂ ಒಂದೇ ಎಂದು ತಿಳಿಯುವವರು ನಮ್ಮಲ್ಲಿ ಅನೇಕರಿದ್ದಾರೆ.

ಕೊನೆಗೆ ಆ ಪ್ರೋಗ್ರಾಮನ್ನು ಮತ್ತೆ ಬರೆದೆ. ಒಂದೊಂದು ಪ್ರದರ್ಶನದ ಆಸನಗಳಿಗೆ ಒಂದೊಂದು ಪ್ರೊಸೆಸ್. ತಿಂಗಳೊಪ್ಪತ್ತಿನ ಮೇಲೆ, ಒಂದು ಬೆಳಿಗ್ಗೆ ದಾಖಲೆಯನ್ನು ತಿರುವಿದಾಗ, ರಾತ್ರಿ 2 ಗಂಟೆಗೆ ಒಂದು ಪ್ರೊಸೆಸ್ ಸತ್ತು ಮರುಹುಟ್ಟಿದ ಸುದ್ದಿ ಒಂದೇ ಸಾಲಿನಲ್ಲಿತ್ತು. ಆ ಹೊತ್ತಿನಲ್ಲಿ ನಾನು ನಿದ್ರಿಸುತ್ತಿದ್ದೆ.