ನಿದ್ರೆ, ಗೊರಕೆ ಮತ್ತು ಆರೋಗ್ಯ



ಉತ್ಸವದ ರಾತ್ರಿ ಪೂಜೆ ಮುಗಿದು ಪರಸ್ಥಳದವರೆಲ್ಲ ಮಂಟಪದಲ್ಲಿ ಸಾಲಾಗಿ ಮಲಗಿದ ಮೇಲೆ ಯಾರಾದರೊಬ್ಬ ಹಿರಿಯರ ಗೊರಕೆ ಏಳುತ್ತದೆ. ಹುಡುಗರು ‘ಕುಂಭಕರ್ಣ ಬಂದ’ ಎಂದು ನಗುತ್ತಾರೆ. ನಗಲಿ. ಆದರೆ ಆ ಗೊರಕೆ ತಟ್ಟನೆ ನಿಂತ ಗಳಿಗೆಯನ್ನು ಗಮನಿಸಬೇಕು. ಎದೆ ಹೆಣಗುತ್ತಿರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಸ್ವಲ್ಪ ಹೊತ್ತಿಗೆ ಗಕ್ಕನೆ ಉಸಿರೆಳೆದುಕೊಂಡು ಮತ್ತೆ ಗೊರಕೆ.

ವೈದ್ಯರು ಇದನ್ನು ‘ಸ್ಲೀಪ್ ಅಪ್ನಿಯಾ’ ಎನ್ನುತ್ತಾರೆ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಿಗೆ ಹಿಂದಕ್ಕೆ ಸರಿದು, ಉಸಿರಿನ ದಾರಿ ಮುಚ್ಚಿಹೋಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಕೂಡಲೇ ಮೆದುಳು ಎಚ್ಚರಿಸುತ್ತದೆ; ಮಲಗಿದವರಿಗೆ ಅದರ ನೆನಪೇ ಇರುವುದಿಲ್ಲ. ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದ ಇಂಥ ತಡೆ ಕೆಲವರಿಗೆ ಗಂಟೆಗೆ 30ಕ್ಕೂ ಹೆಚ್ಚು ಸಲ ಬರುತ್ತದೆ. ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ತಲೆಭಾರ, ಗಲ್ಲಾಪೆಟ್ಟಿಗೆಯ ಮುಂದೆಯೇ ತೂಕಡಿಕೆ. ಅಂಥವರನ್ನು ಸೋಮಾರಿ ಎಂದು ಬೈಯುವುದು ಅನ್ಯಾಯ. ಲಾರಿ ಓಡಿಸುವವರಾದರೆ ಅಪಾಯ ಅವರೊಬ್ಬರಿಗೇ ಅಲ್ಲ.

ವರ್ಷಗಟ್ಟಲೆ ಹೀಗಾದರೆ ರಕ್ತದೊತ್ತಡ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ, ಪಾರ್ಶ್ವವಾಯುವಿನ ಭಯ ಹೆಚ್ಚುತ್ತದೆ. ಮೂರು ಬಗೆಯ ಮಾತ್ರೆ ನುಂಗಿದರೂ ಒತ್ತಡ ಇಳಿಯದವರು ನಿದ್ರೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ‘ಆಫ್ರಿಕಾದಲ್ಲಿ ಶೀಲಾ’ ಕನ್ನಡ ಚಿತ್ರಕ್ಕೆ ಸಂಗೀತ ಕೊಟ್ಟ ಬಪ್ಪಿ ಲಹಿರಿ 2022ರ ಫೆಬ್ರವರಿಯಲ್ಲಿ 69ನೇ ವಯಸ್ಸಿಗೆ ತೀರಿಕೊಂಡಾಗ ವೈದ್ಯರು ಹೇಳಿದ್ದು ಇದೇ ಕಾಯಿಲೆಯ ಹೆಸರು.

ಕಾಯಿಲೆ ದಪ್ಪಗಿರುವ ಗಂಡಸರಿಗೆ ಮಾತ್ರ ಎಂದು ತಿಳಿಯಬಾರದು. ಮುಟ್ಟು ನಿಂತ ಹೆಂಗಸರಿಗೂ, ಟಾನ್ಸಿಲ್ ಊದಿದ ಮಕ್ಕಳಿಗೂ ಬರುತ್ತದೆ. ತೂಕ ಇಳಿಸುವುದು, ಮದ್ಯ ಬಿಡುವುದು, ಮಗ್ಗುಲಾಗಿ ಮಲಗುವುದು ಸಹಾಯಕ. ಹೆಚ್ಚಾದವರಿಗೆ ಮೂಗಿನ ಮೂಲಕ ಗಾಳಿಯ ಒತ್ತಡ ಕೊಡುವ ಯಂತ್ರವಿದೆ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ಎಂಬ ವೈದ್ಯರು ಇದನ್ನು ಲೋಕಕ್ಕೆ ತಿಳಿಸಿದರು. ಮುಖಕ್ಕೆ ಕಟ್ಟಿಕೊಳ್ಳಲು ನಾಚಿಕೆ, ಬೆಲೆಯೂ ಹೆಚ್ಚು. ಆದರೂ ಕೊಂಡು ಮೂಲೆಯಲ್ಲಿಟ್ಟರೆ ಫಲವಿಲ್ಲ.

ವೈದ್ಯರಲ್ಲಿಗೆ ಹೋಗುವಾಗ ಪಕ್ಕದಲ್ಲಿ ಮಲಗುವವರೂ ಹೋಗಬೇಕು. ಉಸಿರು ನಿಂತದ್ದನ್ನು ಕಂಡವರು ಅವರೇ.

ತೊಂಡಾಮುತ್ತೂರಿನವರಿಗೆ ಇನ್ನೊಂದು ಮಾತು. ಪೂಂಡಿಯಿಂದ ವೆಳ್ಳಿಯಂಗಿರಿಯ ಏಳು ಬೆಟ್ಟಗಳನ್ನು ಬಹಳ ಮಂದಿ ನಿದ್ದೆಗೆಟ್ಟು ರಾತ್ರಿಯೇ ಹತ್ತುತ್ತಾರೆ. 2024ರ ಯಾತ್ರೆಯಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಹೃದಯದ, ಉಸಿರಾಟದ ತೊಂದರೆಯುಳ್ಳವರು ಹತ್ತಬಾರದೆಂದು ಅರಣ್ಯ ಇಲಾಖೆ ಎಚ್ಚರಿಸಿತು. ಗೊರಕೆಯ ನಡುವೆ ಉಸಿರು ನಿಲ್ಲುವವರು ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ಕೋಲು ಹಿಡಿಯಲಿ.