ಆ ಕುರ್ಚಿ ನಿಮ್ಮದು

ಹದಿನಾಲ್ಕನೇ ವಯಸ್ಸಿಗೆ ಪೋಲಿಯೊ ಬಡಿದು, ಕತ್ತಿನಿಂದ ಕೆಳಗೆ ಹೆಚ್ಚುಕಡಿಮೆ ಏನೂ ಅಲ್ಲಾಡದಂತಾದ ಹುಡುಗನೊಬ್ಬ ಕ್ಯಾಲಿಫೋರ್ನಿಯಾದಲ್ಲಿದ್ದ. ಹೆಸರು ಎಡ್ ರಾಬರ್ಟ್ಸ್. ರಾತ್ರಿ ಉಸಿರಾಡಲು ಅವನು ಕಬ್ಬಿಣದ ಶ್ವಾಸಯಂತ್ರದೊಳಗೆ ಮಲಗಬೇಕಿತ್ತು. ಪ್ರೌಢಶಾಲೆಯ ಓದು ಮುಗಿಸಿದರೂ ಶಾಲೆ ಪ್ರಮಾಣಪತ್ರ ಕೊಡಲು ತಕರಾರು ತೆಗೆಯಿತು. ಹುಡುಗ ಕಾರು ಓಡಿಸುವುದನ್ನು ಕಲಿತಿಲ್ಲ, ವ್ಯಾಯಾಮದ ಪಾಠ ಮುಗಿಸಿಲ್ಲ ಎಂಬುದು ಕಾರಣ. ತಾಯಿ ಜೋನಾ ಶಿಕ್ಷಣ ಮಂಡಳಿಯ ತನಕ ಹೋಗಿ ವಾದಿಸಿ ಅದನ್ನು ಪಡೆದರು. ಕಾಲೇಜಿಗೆ ನೆರವು ಕೇಳಿದಾಗ ರಾಜ್ಯದ ಪುನರ್ವಸತಿ ಇಲಾಖೆ, ಇವನು ದುಡಿಯುವುದುಂಟೇ ಎಂದು ಮೊದಲು ಕೈಚೆಲ್ಲಿತು. ಹಾಗಿದ್ದೂ 1962ರಲ್ಲಿ ಅವನು ಬರ್ಕ್ಲಿಯ ವಿಶ್ವವಿದ್ಯಾಲಯ ಸೇರಿದ. ಆ ಯಂತ್ರದ ಭಾರ ತಾಳುವ ಹಾಸ್ಟೆಲ್ ಇರಲಿಲ್ಲವಾದ್ದರಿಂದ ಕ್ಯಾಂಪಸ್ಸಿನ ಆಸ್ಪತ್ರೆಯ ಕೋಣೆಯೇ ಅವನ ಬಿಡಾರವಾಯಿತು. ಹದಿಮೂರು ವರ್ಷ ಕಳೆದ ಮೇಲೆ, 1975ರಲ್ಲಿ, ಗವರ್ನರು ಅದೇ ಪುನರ್ವಸತಿ ಇಲಾಖೆಗೆ ಹೊಸ ನಿರ್ದೇಶಕರನ್ನು ನೇಮಿಸಿದರು. ಆ ನಿರ್ದೇಶಕರೇ ಎಡ್ ರಾಬರ್ಟ್ಸ್.

ಇದನ್ನು ಒಬ್ಬ ವೀರನ ಕಥೆಯಾಗಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಅವನ ಬೆನ್ನಿಗೆ ಅದೇ ಆಸ್ಪತ್ರೆಯ ಕೋಣೆಗಳಿಗೆ ಇನ್ನಷ್ಟು ವಿದ್ಯಾರ್ಥಿಗಳು ಬಂದರು. ರಾತ್ರಿಯೆಲ್ಲ ಮಾತಾಡಿದರು. ವೀಲ್‌ಚೇರ್ ಕೆಟ್ಟರೆ ರಿಪೇರಿ ಮಾಡುವವರು ಯಾರು? ಬೆಳಿಗ್ಗೆ ಎಬ್ಬಿಸಿ ಬಟ್ಟೆ ತೊಡಿಸುವವರನ್ನು ಎಲ್ಲಿ ಹುಡುಕುವುದು? ಫುಟ್‌ಪಾತಿನ ಅಂಚನ್ನು ಇಳಿಜಾರು ಮಾಡಿಸುವುದು ಹೇಗೆ? ಇಂಥ ಚಿಕ್ಕಚಿಕ್ಕ ಪ್ರಶ್ನೆಗಳ ಒಟ್ಟು ಉತ್ತರವಾಗಿ 1972ರಲ್ಲಿ ಬರ್ಕ್ಲಿಯಲ್ಲಿ ಸ್ವತಂತ್ರ ಬದುಕಿನ ಕೇಂದ್ರ ಹುಟ್ಟಿತು. ಅದನ್ನು ಕಟ್ಟಿದವರೂ ನಡೆಸಿದವರೂ ವಿಕಲಚೇತನರೇ.

ಸ್ವತಂತ್ರ ಬದುಕು ಎಂದರೆ ಎಲ್ಲವನ್ನೂ ಒಬ್ಬರೇ ಮಾಡಿಕೊಳ್ಳುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಒಂದು ಗಂಟೆ ಒದ್ದಾಡುವವನನ್ನು ‘ಎಷ್ಟು ಸ್ವಾವಲಂಬಿ’ ಎಂದು ಹೊಗಳುತ್ತೇವೆ. ಬರ್ಕ್ಲಿಯ ಆ ಹುಡುಗರು ಬೇರೆ ಲೆಕ್ಕ ಹಾಕಿದರು. ಗುಂಡಿಯನ್ನು ಇನ್ನೊಬ್ಬರು ಹಾಕಲಿ. ಆದರೆ ಇವತ್ತು ಯಾವ ಅಂಗಿ, ಎಷ್ಟು ಹೊತ್ತಿಗೆ ಮನೆ ಬಿಡುವುದು, ಏನು ಓದುವುದು, ಯಾರನ್ನು ಮದುವೆಯಾಗುವುದು ಎಂಬುದನ್ನು ನಾನು ನಿರ್ಧರಿಸುತ್ತೇನೆ. ನಮ್ಮ ಮನೆಗಳಲ್ಲಿ ಪ್ರೀತಿಗೇನೂ ಬರವಿಲ್ಲ. ಅಮ್ಮ ಉಣ್ಣಿಸುತ್ತಾಳೆ, ಅಣ್ಣ ಎತ್ತಿಕೊಂಡು ಹೋಗುತ್ತಾನೆ. ‘ನಿನಗೇನು ಬೇಕು?’ ಎಂದು ಕೇಳುವವರು ಮಾತ್ರ ಕಡಿಮೆ.

ಹಕ್ಕು ಕಾಗದದಲ್ಲಿ ಬಂದರೂ ಕೈಗೆ ಬರಲು ಎಷ್ಟು ಹೆಣಗಬೇಕು ಎಂಬುದಕ್ಕೆ 1977ರ ಏಪ್ರಿಲ್ ಸಾಕ್ಷಿ. ಸರ್ಕಾರದ ಹಣದಿಂದ ನಡೆಯುವ ಯಾವ ಕಾರ್ಯಕ್ರಮದಲ್ಲೂ ವಿಕಲಚೇತನರೆಂಬ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂದು 1973ರ ಅಮೆರಿಕದ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್ ಹೇಳಿತ್ತು. ನಾಲ್ಕು ವರ್ಷವಾದರೂ ಅದರ ನಿಯಮಗಳಿಗೆ ಸಹಿ ಬೀಳಲಿಲ್ಲ. ಏಪ್ರಿಲ್ 5ರಂದು ನೂರಕ್ಕೂ ಹೆಚ್ಚು ಮಂದಿ ಸ್ಯಾನ್ ಫ್ರಾನ್ಸಿಸ್ಕೊದ ಕೇಂದ್ರ ಸರ್ಕಾರಿ ಕಚೇರಿಯೊಳಗೆ ಹೋಗಿ ಕುಳಿತುಬಿಟ್ಟರು. ಮುಂದಾಳುಗಳಲ್ಲಿ ಒಬ್ಬರು ಜೂಡಿ ಹ್ಯೂಮನ್. ವೀಲ್‌ಚೇರಿನಲ್ಲಿದ್ದಾರೆಂದು ನ್ಯೂಯಾರ್ಕ್ ಅವರಿಗೆ ಶಿಕ್ಷಕಿಯ ಪರವಾನಗಿ ನಿರಾಕರಿಸಿತ್ತು; ಮೊಕದ್ದಮೆ ಹೂಡಿ ಪಡೆದಿದ್ದರು. ಒಳಗೆ ಕುಳಿತವರಿಗೆ ಹಾಸಿಗೆಯಿರಲಿಲ್ಲ, ಹಲವರ ಜೊತೆಗೆ ಔಷಧಿ, ಸಹಾಯಕರು ಇರಲಿಲ್ಲ. ಕೈ ಆಡುವವರು ಆಡದವರಿಗೆ ಉಣ್ಣಿಸಿದರು, ಕಣ್ಣಿದ್ದವರು ಇಲ್ಲದವರಿಗೆ ಓದಿ ಹೇಳಿದರು. ಟೆಲಿಫೋನ್ ಸಂಪರ್ಕ ಕಡಿದಾಗ ಕಿವುಡರು ಕಿಟಕಿಯಲ್ಲಿ ನಿಂತು ಹೊರಗಿದ್ದವರಿಗೆ ಸನ್ನೆ ಭಾಷೆಯಲ್ಲಿ ಸುದ್ದಿ ದಾಟಿಸಿದರು. ಆ ಕಟ್ಟಡದಲ್ಲಿ ಅಂದು ಅತಿ ಹೆಚ್ಚು ಬೇಕಾದ ಭಾಷೆ ಅದೇ ಆಗಿತ್ತು! ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯವರು ಬಿಸಿ ಊಟ ಹೊತ್ತು ತಂದರು. ಏಪ್ರಿಲ್ 28ರಂದು ಸಹಿ ಬಿತ್ತು.

ಆ ಹೋರಾಟದ ಫಲಗಳಲ್ಲಿ ಒಂದು ಸಂಸ್ಥೆಯ ಬಗ್ಗೆ ನಮ್ಮಲ್ಲಿ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. 1992ರಲ್ಲಿ ಪುನರ್ವಸತಿ ಕಾಯ್ದೆಗೆ ತಿದ್ದುಪಡಿಯಾಗಿ, ಅಮೆರಿಕದ ಪ್ರತಿ ರಾಜ್ಯದಲ್ಲೂ ಸ್ವತಂತ್ರ ಬದುಕಿನ ರಾಜ್ಯ ಮಂಡಳಿ ಹುಟ್ಟಿತು. ಸದಸ್ಯರನ್ನು ಸಾಮಾನ್ಯವಾಗಿ ಗವರ್ನರು ನೇಮಿಸುತ್ತಾರೆ. ಮತ ಹಾಕುವ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಿಕಲಚೇತನರೇ ಆಗಿರಬೇಕು. ಅವರು ಸರ್ಕಾರಿ ಇಲಾಖೆಯಲ್ಲಾಗಲಿ, ಅನುದಾನ ಪಡೆಯುವ ಸ್ವತಂತ್ರ ಬದುಕಿನ ಕೇಂದ್ರಗಳಲ್ಲಾಗಲಿ ಸಂಬಳಕ್ಕಿರಬಾರದು. ಮಂಡಳಿಯನ್ನು ಯಾವುದೇ ಇಲಾಖೆಯ ಒಂದು ಕೋಣೆಯಾಗಿ ಮಾಡುವಂತಿಲ್ಲ. ಸ್ವತಂತ್ರ ಬದುಕಿನ ಸೇವೆಗಳಿಗೆ ಮೂರು ವರ್ಷದ ರಾಜ್ಯ ಯೋಜನೆಯನ್ನು ಮಂಡಳಿಯೂ ಕೇಂದ್ರಗಳೂ ಕೂಡಿ ಬರೆಯುತ್ತವೆ. ಮಂಡಳಿಯ ಅಧ್ಯಕ್ಷರ ಸಹಿ ಇಲ್ಲದೆ ಅದು ಮುಂದೆ ಹೋಗದು. ಈ ಎಲ್ಲದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ‘ಅರ್ಧಕ್ಕಿಂತ ಹೆಚ್ಚು’ ಎಂಬ ಮಾತು. ಒಬ್ಬಿಬ್ಬರನ್ನು ಕರೆದು ಶಾಲು ಹೊದಿಸಿ ಮೂಲೆಯಲ್ಲಿ ಕೂರಿಸುವ ಆಟ ಅಲ್ಲಿ ನಡೆಯದು.

ನಮ್ಮಲ್ಲಿ? ನಮಗೂ ಕಾನೂನಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್, ಸಮುದಾಯದ ನಡುವೆ ಬದುಕುವುದು ವಿಕಲಚೇತನರ ಹಕ್ಕು, ಇಂಥಲ್ಲೇ ಇರು ಎಂದು ಅವರನ್ನು ಕಟ್ಟಿಹಾಕದಂತೆ ನೋಡಿಕೊಳ್ಳಲು ಸರ್ಕಾರ ಪ್ರಯತ್ನಿಸಬೇಕು ಎಂದು ಹೇಳುತ್ತದೆ. 66ನೇ ಸೆಕ್ಷನ್ ಪ್ರಕಾರ ರಾಜ್ಯ ಸಲಹಾ ಮಂಡಳಿ ಇರಬೇಕು, ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸಂಘ ಸಂಸ್ಥೆಗಳ ಪರವಾಗಿ ಹತ್ತು ಜನ ಅದರಲ್ಲಿರಬೇಕು, ಅವರಲ್ಲಿ ಕನಿಷ್ಠ ಐವರು ಮಹಿಳೆಯರು. ಈ ಹತ್ತು ಜನ ‘ಸಾಧ್ಯವಾದಷ್ಟೂ’ ವಿಕಲಚೇತನರಾಗಿರಬೇಕು ಎಂದಿದೆ ಕಾಯ್ದೆ. ಅಲ್ಲಿ ಅರ್ಧಕ್ಕಿಂತ ಹೆಚ್ಚು, ಇಲ್ಲಿ ಸಾಧ್ಯವಾದಷ್ಟು. ಇಲ್ಲಿನ ಮಂಡಳಿಗೆ ಅಧ್ಯಕ್ಷರು ವಿಕಲಚೇತನರ ವಿಷಯ ನೋಡಿಕೊಳ್ಳುವ ಇಲಾಖೆಯ ಸಚಿವರೇ.

‘ಸಾಧ್ಯವಾದಷ್ಟೂ’ ಎಂಬ ಆ ಒಂದು ಪದದ ಮುಂದೆ ನಾನು ನಿಮ್ಮನ್ನು ನಿಲ್ಲಿಸಬೇಕೆಂದಿದ್ದೇನೆ, ವಿಕಲಚೇತನ ಗೆಳೆಯರೇ. ಅರ್ಹರು ಸಿಗಲಿಲ್ಲ ಎಂದು ಬರೆದು ಕುರ್ಚಿಯನ್ನು ಬೇರೊಬ್ಬರಿಗೆ ಕೊಡಲು ಆ ಪದದಲ್ಲಿ ಜಾಗವಿದೆ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರು ಲೆಕ್ಕಕ್ಕೆ ಸಿಕ್ಕಿದ್ದರು. ಇಷ್ಟು ಜನರಲ್ಲಿ ಹತ್ತು ಮಂದಿ ಸಿಗಲಿಲ್ಲ ಎನ್ನುವ ಧೈರ್ಯ ಯಾರಿಗೂ ಬರದಂತೆ ಮಾಡುವುದು ನಿಮ್ಮ ಕೈಯಲ್ಲಿದೆ. ಕಾಯ್ದೆಯನ್ನು ಓದಿ. ನಡಾವಳಿ ಬರೆಯಲು, ಬಜೆಟ್ಟಿನ ಅಂಕಿ ಬಿಡಿಸಲು, ಹತ್ತು ಜನರೆದುರು ತಡವರಿಸದೆ ಒಂದು ಪ್ರಶ್ನೆ ಕೇಳಲು ಕಲಿಯಿರಿ. ಬರ್ಕ್ಲಿಯ ಆ ಹುಡುಗರಿಗೂ ಇದನ್ನು ಯಾರೂ ಕಲಿಸಿರಲಿಲ್ಲ.

ಬೆಂಗಳೂರಿನ ತನಕ ಹೋಗಲು ಇನ್ನೂ ಸಮಯವಿದೆ ಎನ್ನುವವರು ಊರಿನಿಂದಲೇ ಶುರುಮಾಡಿ. ಜಿಲ್ಲೆಗೊಂದು ಸಮಿತಿ ಇರಬೇಕೆಂದು ಅದೇ ಕಾಯ್ದೆಯ 72ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಪಂಚಾಯ್ತಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಅವರೂ ವಿಕಲಚೇತನರೇ. ಅವರ ಗೆಳೆತನ ಮಾಡಿ. ವಿಕಲಚೇತನರಿಗೆಂದು ಪಂಚಾಯ್ತಿ ತೆಗೆದಿಡುವ ಶೇ 5ರ ಹಣ ಕಳೆದ ವರ್ಷ ಯಾವುದಕ್ಕೆ ಖರ್ಚಾಯಿತು ಎಂದು ಕೇಳಿ. ಒಂದು ದಿನ ಊಟ ಹಾಕಿ, ಫೋಟೊ ತೆಗೆದು ಮುಗಿಸಿದ್ದರೆ, ಮುಂದಿನ ಸಲ ಅದು ಎಲ್ಲಿಗೆ ಹೋಗಬೇಕೆಂದು ನೀವೇ ಬರೆದು ಕೊಡಿ.

ನಡೆಯಬಲ್ಲ, ಕಾಣಬಲ್ಲ, ಕೇಳಬಲ್ಲ ತರುಣ ತರುಣಿಯರಿಗೂ ಇದರಲ್ಲಿ ಕೆಲಸವಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಊಟ ತಂದವರು, ಒಳಗಿದ್ದವರು ಗಟ್ಟಿಯಾಗಿ ಕೂರುವಂತೆ ನೋಡಿಕೊಂಡರು. ನಿಮ್ಮ ಕಾಲೇಜಿನ ಸಭೆ ಎರಡನೇ ಮಹಡಿಯಲ್ಲಿದ್ದರೆ ಅದನ್ನು ಕೆಳಗಿಳಿಸಿ. ಸನ್ನೆ ಭಾಷೆಯ ನಾಲ್ಕು ಮಾತು ಕಲಿಯಿರಿ. ಗೆಳತಿಯ ಬದಲು ನೀವು ಉತ್ತರ ಕೊಡಬೇಡಿ.

ಮುಂದಿನ ಗ್ರಾಮಸಭೆ ಎಂದು, ಎಲ್ಲಿ ಎಂದು ಪಂಚಾಯ್ತಿಯಲ್ಲಿ ಕೇಳಿಕೊಂಡು ಬನ್ನಿ. ಮೆಟ್ಟಿಲಿರುವ ಕಡೆ ಸಭೆ ಇಟ್ಟಿದ್ದರೆ, ಜಾಗ ಬದಲಿಸಿ ಎಂಬ ಮೊದಲ ಅರ್ಜಿಯನ್ನು ಈ ವಾರವೇ ಕೊಡಿ.