ಹುಲ್ಲು ಹುಟ್ಟದ ಕಾಲದ ಸಸ್ಯಾಹಾರಿ

(ಪರಿಸರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಡೈನೋಸಾರ್ ಎಂದೊಡನೆ ಮಕ್ಕಳ ಕಣ್ಣಮುಂದೆ ಬರುವುದು ಚಲನಚಿತ್ರದ ಕೋರೆಹಲ್ಲಿನ ಪ್ರಾಣಿ. ನಮ್ಮ ದೇಶದ ನೆಲದಲ್ಲಿಯೇ ದೊರೆತ, ಸೊಪ್ಪು ತಿಂದು ಬದುಕಿದ ಡೈನೋಸಾರ್ ಒಂದರ ವಿಚಾರವನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ. ಅದು ಬರಾಪಾಸಾರಸ್.

ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ 1958ರಲ್ಲಿ ಇದರ ಮೂಳೆಗಳು ಮೊದಲು ಕಂಡವು. 1960–61ರಲ್ಲಿ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಸುಮಾರು 300 ಮೂಳೆಗಳನ್ನು ಅಗೆದು ತೆಗೆದರು. ತೊಡೆಯ ಮೂಳೆಯೊಂದೇ 1.7 ಮೀಟರ್‌ಗೂ ಉದ್ದ! ಬಂಗಾಳಿಯಲ್ಲಿ ‘ದೊಡ್ಡ ಕಾಲು’ ಎಂಬರ್ಥದ ಹೆಸರು ಅದರಿಂದಲೇ ಬಂದಿತು. 1961 ರವೀಂದ್ರನಾಥ ಟಾಗೋರರ ಜನ್ಮಶತಾಬ್ದಿಯ ವರ್ಷವಾದುದರಿಂದ, 1975ರಲ್ಲಿ ಪ್ರಕಟವಾದ ಪೂರ್ಣನಾಮದಲ್ಲಿ ಅವರ ಹೆಸರೂ ಸೇರಿತು. ಜೋಡಿಸಿದ ಅಸ್ಥಿಪಂಜರ ಅದೇ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ.

ಇದರ ತಲೆಬುರುಡೆ ದೊರೆತಿಲ್ಲ. ಚಮಚದಾಕಾರದ ಕೆಲವೇ ಹಲ್ಲುಗಳು ದೊರೆತಿವೆ. ಈ ವರ್ಗದ ಪ್ರಾಣಿಗಳು ಸೊಪ್ಪನ್ನು ಕಿತ್ತು, ಅಗಿಯದೆ ನುಂಗಿ, ವಿಶಾಲವಾದ ಹೊಟ್ಟೆಯಲ್ಲಿ ನಿಧಾನವಾಗಿ ಹುದುಗಿಸಿ ಜೀರ್ಣಿಸಿಕೊಳ್ಳುತ್ತಿದ್ದವು. ಒರಟು ಮೇವಿಗೆ ದೊಡ್ಡ ಹೊಟ್ಟೆ ಬೇಕು. ದೊಡ್ಡ ಹೊಟ್ಟೆ ಹೊರಲು ಕಂಬದಂತಹ ಕಾಲು ಬೇಕು.

ಆ ಮೇವಾದರೂ ಯಾವುದು? ಅಂದು, ಅಂದರೆ ಸುಮಾರು 18 ಕೋಟಿ ವರ್ಷಗಳ ಹಿಂದೆ, ಭಾರತವು ಆಫ್ರಿಕಾ, ಅಂಟಾರ್ಕ್ಟಿಕಾಗಳೊಡನೆ ಗೊಂಡ್ವಾನಾ ಎಂಬ ಮಹಾಖಂಡದ ಭಾಗವಾಗಿತ್ತು. ನಮ್ಮ ಘಟ್ಟದ ಸಾಲು ಇನ್ನೂ ರೂಪುಗೊಂಡಿರಲಿಲ್ಲ. ಹುಲ್ಲಾಗಲಿ, ಇಂದಿನಂತಹ ಹೂಗಿಡಗಳಾಗಲಿ ಇರಲಿಲ್ಲ. ಇದ್ದದ್ದು ಜರಿಗಿಡಗಳು, ಸೈಕಸ್ ಬಳಗದ ಗಿಡಗಳು, ಸೂಚಿಪರ್ಣಿ ಮರಗಳು. ಮೂಳೆಗಳ ಜೊತೆಗೆ ಶಿಲೆಯಾದ ಮರದ ಕಾಂಡಗಳೂ ಸಿಕ್ಕಿವೆ. ಹಿಂಡೊಂದು ಮಹಾಪ್ರವಾಹಕ್ಕೆ ಸಿಲುಕಿ ಮರಗಳೊಡನೆ ಕೊಚ್ಚಿಹೋಗಿರಬೇಕೆಂದು ವಿಜ್ಞಾನಿಗಳು ಊಹಿಸಿದ್ದಾರೆ.

ಪ್ರಾಣಿ ಅಳಿಯಿತು, ಮೇವಿನ ವಂಶ ಉಳಿಯಿತು. ಪಶ್ಚಿಮಘಟ್ಟದ ಕಾಡುಗಳಲ್ಲಿ ಇಂದಿಗೂ ಬೆಳೆಯುವ ಸೈಕಸ್ ಆ ಪ್ರಾಚೀನ ಬಳಗಕ್ಕೆ ಸೇರಿದುದು. ಅಂದಿನ ಜಾತಿಯೇ ಇದಲ್ಲ, ಆದರೆ ಬಳಗ ಒಂದೇ. ಅದು ಬಹು ನಿಧಾನವಾಗಿ ಬೆಳೆಯುತ್ತದೆ. ಗಂಡು, ಹೆಣ್ಣು ಗಿಡಗಳು ಬೇರೆ ಬೇರೆ. ಸುತ್ತಲಿನ ಗಂಡು ಗಿಡಗಳು ಕಣ್ಮರೆಯಾದರೆ ಹೆಣ್ಣು ಗಿಡ ಇದ್ದೂ ಬಂಜೆ. ಅಲಂಕಾರಕ್ಕೆಂದು ಗರಿ ಕಡಿಯುವುದರಿಂದ, ಕಾಯಿ ಬರಿದು ಮಾಡುವುದರಿಂದ, ಕಾಡು ಕರಗುವುದರಿಂದ ಇಲ್ಲಿನ ಸೈಕಸ್ ಸರ್ಸಿನಾಲಿಸ್ ಜಾತಿ ಜಾಗತಿಕವಾಗಿ ಅಪಾಯದಲ್ಲಿರುವ ಸಸ್ಯಗಳ ಪಟ್ಟಿಗೆ ಸೇರಿದೆ.

ಆದುದರಿಂದ ವಿದ್ಯಾರ್ಥಿಗಳು ತಮ್ಮೂರಿನ ಕಾಡಿನಲ್ಲಿ ಈ ಗಿಡಗಳೆಷ್ಟಿವೆ, ಗಂಡೆಷ್ಟು, ಹೆಣ್ಣೆಷ್ಟು ಎಂದು ಎಣಿಸಿ ಬರೆದಿಡಲಿ. ಹಿರಿಯರು ಚಪ್ಪರಕ್ಕೆ ಮಾವಿನ ಸೊಪ್ಪು, ಬಾಳೆಯಷ್ಟೇ ಸಾಕೆನ್ನಲಿ. ಬರಾಪಾಸಾರಸ್ ಅಳಿದಾಗ ಭೂಮಿಯಲ್ಲಿ ಮನುಷ್ಯನಿರಲಿಲ್ಲ. ಸೈಕಸ್ ಅಳಿದರೆ ಆ ನೆಪ ಹೇಳಲು ನಮಗೆ ಬಾಯಿರದು.